ಸ್ಟೀರಿಂಗ್ ಸಿಪ್ಪೆ ಸುಲಿದಾಗ: ಹೊಲಿಸೋದಾ, ಬದಲಿಸೋದಾ?

ಇಯರ್‌ಫೋನ್ ಹಾಕಿಕೊಂಡು ಕೇಳ್ತಿರೋರಿಗೂ, ಕೇಳೋಕೆ ಪುರುಸೊತ್ತಿಲ್ಲದೆ ಇಲ್ಲಿ ಓದ್ತಿರೋರಿಗೂ ಸ್ವಾಗತ. ಗಾಡಿ ಓಡಿಸ್ತಾ ಇದ್ದು ಫೋನಲ್ಲಿ ಇದನ್ನ ಓದೋಕೆ ನೋಡ್ತಿದ್ದರೆ ಮಾತ್ರ ದಯವಿಟ್ಟು ಬೇಡ. ಆಡಿಯೋ ಹಾಕ್ಕೊಳ್ಳಿ, ಕಣ್ಣು ರಸ್ತೆ ಮೇಲಿರಲಿ.

ಈ ಸಲದ ಪ್ರಶ್ನೆ ಹಳೇಬೀಡಿನಿಂದ ಬಂದಿದೆ. ಕೇಳುಗರೊಬ್ಬರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಮಾತಲ್ಲೇ ಹೇಳ್ತೀನಿ: "ಅಕ್ಕಾ, ನಂದು ಯೆಲ್ಲೋ ಬೋರ್ಡ್ ಗಾಡಿ. ಹಾಸನ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತ ಟೂರಿಸ್ಟ್‌ಗಳನ್ನ ಸುತ್ತಿಸ್ತೀನಿ. ಸ್ಟೀರಿಂಗ್ ಮೇಲಿನ ಸಿಪ್ಪೆ ಸುಲಿದು ಬರ್ತಿದೆ, ಕೈಗೆಲ್ಲ ಕಪ್ಪು ಅಂಟುತ್ತೆ. ಕವರ್ ಹಾಕಿದ್ರೆ ಜಾರುತ್ತೆ. ಒಬ್ರು ಸೆಕೆಂಡ್‌ಹ್ಯಾಂಡ್ ಸ್ಟೀರಿಂಗ್ ಇದೆ, ಏರ್‌ಬ್ಯಾಗ್ ಸಮೇತ ಕಡಿಮೆಗೆ ಕೊಡ್ತೀನಿ ಅಂತಿದಾರೆ. ತಗೊಳ್ಳಲಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಬೇಡ. ಸುಲಿದಿರೋದು ಮೇಲಿನ ಚರ್ಮ ಆದರೆ ಚರ್ಮವನ್ನಷ್ಟೇ ಸರಿಮಾಡಿಸಿ. ಸ್ಟೀರಿಂಗ್ ಅನ್ನೋದು ಹಿಡ್ಕೊಳ್ಳೋ ಒಂದು ಬಳೆ ಮಾತ್ರ ಅಲ್ಲ, ಅದರೊಳಗೆ ಪದರ ಪದರವಾಗಿ ಕೆಲಸ ಇದೆ. ಯಾವ ಪದರ ಹಾಳಾಗಿದೆ ಅಂತ ಗೊತ್ತಾದ್ರೆ ಯಾರ ಹತ್ರ ಹೋಗ್ಬೇಕು, ಎಷ್ಟು ಖರ್ಚು ಮಾಡ್ಬೇಕು ಅನ್ನೋದು ತಾನಾಗೇ ತಿಳಿಯುತ್ತೆ. ಇವತ್ತು ಅದನ್ನೇ ಬಿಡಿಸಿ ನೋಡೋಣ.

ಒಳಗೆ ಏನೇನಿದೆ?

ಮೊದಮೊದಲ ಕಾರುಗಳಿಗೆ ದುಂಡನೆ ಸ್ಟೀರಿಂಗೇ ಇರಲಿಲ್ಲ. ದೋಣಿಯ ಚುಕ್ಕಾಣಿಗೆ ಇರೋ ಥರ ಒಂದು ಹಿಡಿ ಇತ್ತು, ಅದನ್ನ ಆ ಕಡೆ ಈ ಕಡೆ ತಳ್ಳಿ ಗಾಡಿ ತಿರುಗಿಸ್ತಿದ್ರು. 1894ರಲ್ಲಿ ಫ್ರಾನ್ಸ್‌ನ ಪ್ಯಾರಿಸ್‌ನಿಂದ ರುವಾನ್‌ಗೆ ನಡೆದ ಓಟದಲ್ಲಿ ಆಲ್ಫ್ರೆಡ್ ವಾಶೆರಾನ್ ಅನ್ನೋರು ತಮ್ಮ ಪನ್ಹಾರ್ ಕಾರಿಗೆ ಚಕ್ರದಾಕಾರದ ಸ್ಟೀರಿಂಗ್ ಹಾಕಿಕೊಂಡು ಬಂದರು. ಆಮೇಲೆ ಎಲ್ಲರೂ ಅದನ್ನೇ ಹಿಡಿದುಕೊಂಡರು. ಆಗ ಅದು ಬರೀ ಚಕ್ರ. ಇವತ್ತಿನದ್ದು ಹಾಗಲ್ಲ.

ಈಗಿನ ಸ್ಟೀರಿಂಗನ್ನ ಅಡ್ಡ ಕೊಯ್ದು ನೋಡಿದ್ರೆ, ನಟ್ಟನಡುವೆ ಲೋಹದ ಅಸ್ಥಿಪಂಜರ ಇರುತ್ತೆ. ಅದು ಉಕ್ಕಿನದ್ದಾಗಿರಬಹುದು, ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಮಿಶ್ರಲೋಹದ್ದಾಗಿರಬಹುದು. ಅದರ ಸುತ್ತ ಅಚ್ಚಿನಲ್ಲಿ ಸುರಿದು ಕೂರಿಸಿದ ಪಾಲಿಯುರೆಥೇನ್ ಫೋಮ್. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಆ ಫೋಮಿನ ಗಟ್ಟಿ ಮೇಲ್ಮೈಯನ್ನೇ ನಾವು ಹಿಡ್ಕೊಳ್ಳೋದು. ಸ್ವಲ್ಪ ಮೇಲಿನ ಮಾಡೆಲ್‌ಗಳಲ್ಲಿ ಅದರ ಮೇಲೆ ಚರ್ಮ ಅಥವಾ ಚರ್ಮದ ಥರ ಕಾಣೋ ರೆಕ್ಸಿನ್ ಸುತ್ತಿ ಹೊಲಿದಿರ್ತಾರೆ. ನಿಜವಾದ ಚರ್ಮವೇ ಆಗಿದ್ರೂ ಅದರ ಮೇಲೆ ಬಣ್ಣದ ಒಂದು ತೆಳು ಲೇಪ ಇರುತ್ತೆ. ಎಷ್ಟೋ ಸಲ ನಾವು 'ಚರ್ಮ ಹೋಯ್ತು' ಅಂದುಕೊಳ್ಳೋದು ಆ ಲೇಪ ಹೋದಾಗ. ಕೆಳಗಿನ ಚರ್ಮ ಗಟ್ಟಿಯಾಗೇ ಇರುತ್ತೆ.

ಇನ್ನು ಮಧ್ಯಭಾಗ. ಹಾರ್ನ್ ಒತ್ತುವ ಮುಚ್ಚಳದ ಹಿಂದೆ ಏರ್‌ಬ್ಯಾಗ್ ಮಡಚಿ ಕೂತಿರುತ್ತೆ. ಅದರ ಹಿಂದೆ ಕ್ಲಾಕ್ ಸ್ಪ್ರಿಂಗ್ ಅನ್ನೋ ಒಂದು ಭಾಗ. ಹೆಸರು ಸ್ಪ್ರಿಂಗ್ ಅಂತಿದ್ರೂ ಅದು ಸುರುಳಿ ಸುತ್ತಿದ ಚಪ್ಪಟೆ ತಂತಿಯ ಪಟ್ಟಿ. ನಾವು ಸ್ಟೀರಿಂಗ್ ತಿರುಗಿಸಿದ ಹಾಗೆಲ್ಲ ಅದು ಬಿಗಿಯಾಗ್ತಾ, ಸಡಿಲವಾಗ್ತಾ ಏರ್‌ಬ್ಯಾಗ್‌ಗೂ ಹಾರ್ನ್‌ಗೂ ಕರೆಂಟ್ ಕೊಡ್ತಾ ಇರುತ್ತೆ. ಎಲ್ಲಕ್ಕಿಂತ ಹಿಂದೆ ಸ್ಟೀರಿಂಗ್ ಶಾಫ್ಟ್, ಅದನ್ನ ಹಿಡಿದಿಟ್ಟಿರೋ ಒಂದು ದಪ್ಪ ನಟ್ಟು ಅಥವಾ ಬೋಲ್ಟು.

ಹೀಗಾಗಿ ಎರಡು ಲೋಕ ಅಂದ್ಕೊಳ್ಳಿ. ಸುತ್ತಲಿನ ಬಳೆ ಒಂದು, ಮಧ್ಯದ ಗುಂಬ ಇನ್ನೊಂದು. ಬಳೆಯ ಮೇಲಿನ ಚರ್ಮವನ್ನ ನೀವೂ ಸರಿಮಾಡಬಹುದು, ಊರಿನ ಕುಶನ್ ಅಂಗಡಿಯವರೂ ಸರಿಮಾಡಬಹುದು. ಮಧ್ಯದ ಗುಂಬಕ್ಕೆ ಕೈ ಹಾಕೋದು ತರಬೇತಿ ಇರೋ ಮೆಕ್ಯಾನಿಕ್ ಮಾತ್ರ.

ಸವೆಯೋದು ಯಾಕೆ?

ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋದಾಗ 'ಶಿಲ್ಪಗಳನ್ನ ಮುಟ್ಟಬೇಡಿ' ಅನ್ನೋ ಮಾತು ಕೇಳಿರ್ತೀರ. ಬಳಪದ ಕಲ್ಲು ಮೃದು, ಸಾವಿರಾರು ಕೈ ತಾಗಿದರೆ ಬೆವರು, ಎಣ್ಣೆ ಜಿಡ್ಡು ಸೇರಿ ಕೆತ್ತನೆ ಮಸುಕಾಗುತ್ತೆ. ಕಲ್ಲಿಗೇ ಹೀಗಾದ್ರೆ ದಿನಕ್ಕೆ ಎಂಟು ಹತ್ತು ಗಂಟೆ ಹಿಡಿಯೋ ಫೋಮಿನ ಕಥೆ ಏನು ಹೇಳಿ.

ಬೆವರಿನ ಉಪ್ಪು, ಚರ್ಮದ ಜಿಡ್ಡು, ಬೆರಳಿನ ಉಂಗುರದ ಉಜ್ಜಾಟ, ಇವು ಮೊದಲ ಕಾರಣ. ಕೋವಿಡ್ ನಂತರ ಇನ್ನೊಂದು ಸೇರಿಕೊಂಡಿದೆ, ಸ್ಯಾನಿಟೈಸರ್. ಅದರಲ್ಲಿರೋ ಆಲ್ಕೋಹಾಲ್ ಸ್ಟೀರಿಂಗ್ ಮೇಲಿನ ಲೇಪವನ್ನ ಮೆತ್ತಗೆ ಮಾಡುತ್ತೆ. ಸ್ಯಾನಿಟೈಸರ್ ಒಣಗೋ ಮೊದಲೇ ಸ್ಟೀರಿಂಗ್ ಹಿಡಿದರೆ ಸಿಪ್ಪೆ ಬೇಗ ಏಳುತ್ತೆ. ಸನ್‌ಸ್ಕ್ರೀನ್ ಹಚ್ಚಿದ ಕೈಯೂ ಹಾಗೇ.

ಮೂರನೆಯದು ಬಿಸಿಲು. ಪ್ರವಾಸಿಗರು ದೇವಸ್ಥಾನ ನೋಡಿಕೊಂಡು ಬರೋವರೆಗೆ ಗಾಡಿ ಬಯಲಲ್ಲಿ ನಿಂತಿರುತ್ತೆ. ನಿಲ್ಲಿಸಿದ ಕಾರು ಎಷ್ಟು ಕಾಯುತ್ತೆ ಅಂತ ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ಅಳೆದು 2018ರಲ್ಲಿ ಪ್ರಕಟಿಸಿದ್ರು. ಅಲ್ಲಿನ ಕಡುಬೇಸಿಗೆಯಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನ ಸ್ಟೀರಿಂಗ್ ಸರಾಸರಿ 53 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಡ್ಯಾಶ್‌ಬೋರ್ಡ್ 69 ಡಿಗ್ರಿ. ಹಾಸನ ಜಿಲ್ಲೆಯ ಹವೆ ಅಷ್ಟು ಕಡು ಅಲ್ಲ ನಿಜ. ಆದ್ರೆ ಏಪ್ರಿಲ್ ಮಧ್ಯಾಹ್ನ ಸ್ಟೀರಿಂಗ್ ಮುಟ್ಟಿ ಕೈ ಹಿಂದಕ್ಕೆ ಎಳ್ಕೊಂಡೋರಿಗೆ ಇದು ಹೊಸ ವಿಷಯವೇನಲ್ಲ. ಬೇಸಿಗೆಯಲ್ಲಿ ಶಾಖ, ಮಳೆಗಾಲದಲ್ಲಿ ತೇವ, ಎರಡೂ ಸೇರಿದಾಗ ಹಳೆಯ ಪಾಲಿಯುರೆಥೇನ್ ಒಡೆದು ಅಂಟಂಟಾಗುತ್ತೆ. ಕೈಗೆ ಅಂಟೋ ಕಪ್ಪು ಬರೋದು ಅಲ್ಲಿಂದ್ಲೇ.

ಖರ್ಚಿಗೆ ಮೊದಲು ಎರಡು ನಿಮಿಷದ ಪರೀಕ್ಷೆ

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಈಗ ಸ್ಟೀರಿಂಗನ್ನ ಎರಡೂ ಕೈಲಿ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಲಟಲಟ ಅಂತ ಆಡ್ತಿದೆಯಾ? ಬಳೆ ಬಾಗಿದ ಹಾಗಿದೆಯಾ? ಹಾಗಿದ್ರೆ ತೊಂದರೆ ಚರ್ಮದ್ದಲ್ಲ. ಕವರ್ ಹಾಕಿ ಮುಚ್ಚಬೇಡಿ, ಸೀದಾ ಮೆಕ್ಯಾನಿಕ್ ಹತ್ರ ಹೋಗಿ.

ಆಮೇಲೆ ಹಾರ್ನ್. ಸ್ಟೀರಿಂಗ್ ನೇರ ಇದ್ದಾಗ ಹಾರ್ನ್ ಆಗುತ್ತೆ, ತಿರುಗಿಸಿದಾಗ ಆಗಲ್ಲ, ಅಥವಾ ತಿರುಗಿಸುವಾಗ ಒಳಗಿಂದ ಚರಚರ ಸದ್ದು ಬರುತ್ತೆ ಅಂದ್ರೆ ಕ್ಲಾಕ್ ಸ್ಪ್ರಿಂಗ್ ಕೈಕೊಡ್ತಿರಬಹುದು. ಅದೇ ಪಟ್ಟಿಯಲ್ಲೇ ಏರ್‌ಬ್ಯಾಗ್‌ನ ಕರೆಂಟೂ ಹೋಗೋದು ಅನ್ನೋದನ್ನ ಮರೀಬೇಡಿ. ಇನ್ನು ನೇರ ರಸ್ತೆಯಲ್ಲಿ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತೆ, ವೇಗದಲ್ಲಿ ನಡುಗುತ್ತೆ ಅಂದ್ರೆ ಅದು ಸಾಮಾನ್ಯವಾಗಿ ಚಕ್ರದ ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಅಥವಾ ಟೈ ರಾಡ್ ವಿಷಯ. ಹೊಸ ಸ್ಟೀರಿಂಗ್ ಹಾಕಿಸಿದ್ರೂ ಹೋಗಲ್ಲ.

ಇದ್ಯಾವುದೂ ಇಲ್ಲ, ಬರೀ ಸಿಪ್ಪೆ, ಅಂಟು, ಬಿರುಕು ಅಂತಾದ್ರೆ ಸಮಾಧಾನ ಪಡಿ. ನಿಮ್ಮ ಕೆಲಸ ಚರ್ಮದ ಮಟ್ಟದಲ್ಲೇ ಮುಗಿಯುತ್ತೆ.

ಮೊದಲ ಮದ್ದು: ತೊಳೆಯೋದು

ನಗಬೇಡಿ. ಎಷ್ಟೋ ಸ್ಟೀರಿಂಗ್‌ಗಳು ಸವೆದಿರಲ್ಲ, ಕೊಳೆಯಾಗಿರ್ತವೆ. ವರ್ಷಗಟ್ಟಲೆ ಕೂತ ಜಿಡ್ಡು ಹೊಳಪಾಗಿ, ಅಂಟಾಗಿ ಕಾಣುತ್ತೆ. ಒಂದು ಮಗ್ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಹೊಲಿಗೆ ಸಂದಿಗೆ ಹಳೆಯ ಮೆತ್ತನೆ ಟೂತ್‌ಬ್ರಷ್ ಸಾಕು. ನೀರನ್ನ ನೇರವಾಗಿ ಸ್ಟೀರಿಂಗ್ ಮೇಲೆ ಸ್ಪ್ರೇ ಮಾಡ್ಬೇಡಿ, ಬಟನ್‌ಗಳ ಸಂದಿಯಿಂದ ಒಳಗಿಳಿಯುತ್ತೆ. ಕೊನೆಗೆ ಒಣ ಬಟ್ಟೆಯಿಂದ ಒರೆಸಿ.

ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯೋ ದ್ರಾವಣ ಬೇಡ, ಇದ್ದ ಲೇಪವೂ ಹೋಗುತ್ತೆ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್ ಕೂಡ ಬೇಡ. ಅರಸೀಕೆರೆ ಕಡೆಯ ನನ್ನ ಸ್ನೇಹಿತರಿಗೆ ವಿಶೇಷ ಸೂಚನೆ: ಮನೇಲಿ ತೆಂಗಿನೆಣ್ಣೆ ಎಷ್ಟೇ ಇರಲಿ, ಸ್ಟೀರಿಂಗ್‌ಗೆ ಹಚ್ಚಬೇಡಿ. ಮಿಂಚುತ್ತೆ ನಿಜ, ಆದ್ರೆ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಬರುವಾಗ ಅಡ್ಡ ಬಂದ ಹಸುವನ್ನ ತಪ್ಪಿಸೋಕೆ ತಿರುಗಿಸಿದ್ರೆ ಕೈ ಜಾರುತ್ತೆ. ಸ್ಟೀರಿಂಗ್‌ಗೆ ಬೇಕಾಗಿರೋದು ಹಿಡಿತ, ಹೊಳಪಲ್ಲ.

ಚರ್ಮದ ಬಣ್ಣ ಮಾತ್ರ ಹೋಗಿದ್ರೆ ಮತ್ತೆ ಬಣ್ಣ ಕೂರಿಸಬಹುದು. ಜಿಡ್ಡು ಪೂರ್ತಿ ತೆಗೆದು, ನಯವಾದ ಉಪ್ಪು ಕಾಗದದಿಂದ ಎದ್ದ ಅಂಚುಗಳನ್ನ ಹದವಾಗಿ ಉಜ್ಜಿ, ಸಣ್ಣ ಬಿರುಕಿಗೆ ಚರ್ಮದ ಫಿಲ್ಲರ್ ತುಂಬಿ, ಚರ್ಮಕ್ಕೆಂದೇ ಸಿಗೋ ಬಣ್ಣವನ್ನ ತೆಳ್ಳಗೆ ಮೂರ್ನಾಲ್ಕು ಸಲ ಹಚ್ಚಿ, ಕೊನೆಗೆ ಹೊಳಪಿಲ್ಲದ ಸೀಲರ್ ಹಾಕೋದು. ದಪ್ಪಗೆ ಒಂದೇ ಸಲ ಹಚ್ಚಿದ್ರೆ ಮತ್ತೆ ಸಿಪ್ಪೆ ಏಳುತ್ತೆ. ಪೂರ್ತಿ ಒಣಗೋಕೆ ಒಂದು ದಿನ ಬಿಡಿ. ರೆಕ್ಸಿನ್ ಹಾಳೆಯೇ ಎದ್ದು ಬರ್ತಿದ್ರೆ ಮಾತ್ರ ಬಣ್ಣ ನಿಲ್ಲಲ್ಲ, ಮುಂದಿನ ಮದ್ದಿಗೆ ಹೋಗ್ಬೇಕು.

ಎರಡನೇ ಮದ್ದು: ಕವರ್, ಆದ್ರೆ ಯಾವ ಕವರ್?

ನಮ್ಮ ಕೇಳುಗರ ಕವರ್ ಜಾರ್ತಿದೆ ಅಂದ್ರಲ್ಲ, ಅದು ಬಹುಶಃ ಎಳೆದು ತೊಡಿಸೋ ಕವರ್. ಕೆಲವು ನೂರು ರೂಪಾಯಿಗೆ ಸಿಗುತ್ತೆ, ಒಂದು ನಿಮಿಷದಲ್ಲಿ ಹಾಕಬಹುದು. ಆದ್ರೆ ಬಿಸಿಲಿಗೆ ಹಿಗ್ಗಿ ಸಡಿಲವಾಗುತ್ತೆ. ಕೈ ತಿರುಗುತ್ತೆ, ಕವರೂ ತಿರುಗುತ್ತೆ, ಒಳಗಿನ ಸ್ಟೀರಿಂಗ್ ಮಾತ್ರ ತಡವಾಗಿ ತಿರುಗುತ್ತೆ. ಘಾಟಿಯ ತಿರುವಲ್ಲಿ ಆ ಒಂದು ಗಳಿಗೆ ಸಾಕು, ಗಾಡಿ ಎದುರು ಬರೋರ ದಾರಿಗೆ ಹೋಗೋಕೆ.

ನಾನು ಮೆಚ್ಚೋದು ಹೊಲಿಯೋ ಕವರ್. ಅಂಚಿನಲ್ಲಿ ಸಾಲಾಗಿ ತೂತು ಇರುತ್ತೆ, ಜೊತೆಗೆ ಸೂಜಿ, ದಪ್ಪ ದಾರ. ನಮ್ಮನೆ ಕಾರಿಗೆ ಒಂದು ಭಾನುವಾರ ಕೂತು ಹೊಲಿದಾಗ ನನಗೆ ಮೂರು ಗಂಟೆ ಹಿಡೀತು. ಬೆರಳ ತುದಿ ನೊಂದಿದ್ದು ನಿಜ, ಆದ್ರೆ ಸ್ಟೀರಿಂಗ್ ಬಿಚ್ಚಬೇಕಾಗಿಲ್ಲ, ಏರ್‌ಬ್ಯಾಗ್ ಹತ್ರವೂ ಹೋಗಬೇಕಾಗಿಲ್ಲ.

ಕೊಳ್ಳೋ ಮೊದಲು ಟೇಪು ಹಿಡಿದು ಎರಡು ಅಳತೆ ತಗೊಳ್ಳಿ. ಒಂದು, ಸ್ಟೀರಿಂಗ್‌ನ ಹೊರ ಅಂಚಿನಿಂದ ಹೊರ ಅಂಚಿಗೆ ಅಡ್ಡಳತೆ. ಈಗಿನ ಬಹಳಷ್ಟು ಕಾರುಗಳಲ್ಲಿ ಅದು 36ರಿಂದ 39 ಸೆಂಟಿಮೀಟರ್ ಒಳಗಿರುತ್ತೆ. ಇನ್ನೊಂದು, ನೀವು ಮುಷ್ಟಿಯಲ್ಲಿ ಹಿಡಿಯೋ ಜಾಗದ ದಪ್ಪದ ಸುತ್ತಳತೆ. ಹೊಲಿಯೋ ಕವರು ಆ ಸುತ್ತಳತೆಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು, ಎಳೆದು ಹೊಲಿದಾಗಲೇ ಬಿಗಿ ಕೂರೋದು. ಮೊದಲು ಕವರಿನ ಜೋಡಣೆಯನ್ನ ಸ್ಟೀರಿಂಗ್‌ನ ಕೆಳಭಾಗಕ್ಕೆ ಸರಿಯಾಗಿ ಇಟ್ಕೊಂಡು, ಮೂರು ನಾಲ್ಕು ಕಡೆ ಟೇಪ್ ಹಾಕಿ ನಿಲ್ಲಿಸಿ, ಆಮೇಲೆ ಒಂದೊಂದೇ ತೂತು ಬಿಡದೆ ಹೊಲೀತಾ ಹೋಗಿ. ಹೊಲಿಗೆ ಒಳ ಅಂಚಿನಲ್ಲಿ, ನಿಮ್ಮ ಕಡೆಗೆ ನೇರವಾಗಿರಲಿ.

ಮುಗಿದ ಮೇಲೆ ಪರೀಕ್ಷೆ ಸುಲಭ. ಗಾಡಿ ನಿಂತಿರುವಾಗಲೇ ಎರಡೂ ಕೈಲಿ ಹಿಡಿದು, ಟವೆಲ್ ಹಿಂಡೋ ಥರ ತಿರುಚಿ. ಕವರ್ ಒಂದಿಷ್ಟೂ ಅಲುಗಬಾರದು. ಅಲುಗಿದ್ರೆ ಬಿಚ್ಚಿ ಮತ್ತೆ ಬಿಗಿಯಾಗಿ ಹೊಲೀರಿ. ಮತ್ತೆ ಯಾವ ಕವರೂ ಮಧ್ಯದ ಮುಚ್ಚಳವನ್ನಾಗಲಿ, ಬಟನ್‌ಗಳನ್ನಾಗಲಿ ಮುಚ್ಚಬಾರದು.

ಮೂರನೇ ಮದ್ದು: ಕುಶನ್ ಅಂಗಡಿ

ಫೋಮೇ ಕಿತ್ತು ಹೋಗಿದೆ, ಇಲ್ಲಾ ಕಂಪನಿಯಿಂದ ಬಂದ ಹಾಗೇ ಕಾಣಬೇಕು ಅಂದ್ರೆ ಕಾರ್ ಸೀಟು ಹೊಲಿಯೋರ ಹತ್ರ ಹೋಗಿ. ಹಳೆಯ ಹೊದಿಕೆ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟು ಹೊಸ ಚರ್ಮ ಕತ್ತರಿಸಿ, ಕಿತ್ತುಹೋದ ಫೋಮ್ ತುಂಬಿ, ಅಂಟು ಹಾಕಿ ಹೊಲೀತಾರೆ. ಕೆಲಸಗಾರರ ಕೈ ಚೆನ್ನಾಗಿದ್ರೆ ಹೊಸದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಇದಕ್ಕೆ ಕೆಲವು ಸಾವಿರ ಆಗಬಹುದು, ಆದ್ರೂ ಸಾಮಾನ್ಯವಾಗಿ ಹೊಸ ಸ್ಟೀರಿಂಗ್‌ಗಿಂತ ಕಡಿಮೆಯೇ.

ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಸ್ಟೀರಿಂಗ್ ಗಾಡಿಯಲ್ಲೇ ಇಟ್ಕೊಂಡು ಹೊಲೀತೀರಾ, ಬಿಚ್ತೀರಾ?" ಬಿಚ್ತೀವಿ ಅಂದ್ರೆ ಯಾರು ಬಿಚ್ತಾರೆ ಅಂತ ಕೇಳಿ. ಹೊಲಿಯೋದು ಅವರ ಕಸುಬು, ಅದರಲ್ಲಿ ಅವರನ್ನ ಮೀರಿಸೋರಿಲ್ಲ. ಏರ್‌ಬ್ಯಾಗ್ ಬಿಚ್ಚೋದು ಬೇರೆ ಕಸುಬು. ಸ್ಟೀರಿಂಗ್ ಬಿಚ್ಚೋಕೂ ಮತ್ತೆ ಕೂರಿಸೋಕೂ ಕಂಪನಿ ಸರ್ವೀಸ್ ಸೆಂಟರ್ ಅಥವಾ ಏರ್‌ಬ್ಯಾಗ್ ಕೆಲಸ ಗೊತ್ತಿರೋ ಗ್ಯಾರೇಜ್ ಇರಲಿ.

ಅಷ್ಟು ಹೆದರಿಕೆ ಯಾಕೆ ಅಂತೀರಾ? ಏರ್‌ಬ್ಯಾಗ್ ಉಬ್ಬೋಕೆ ತಗೊಳ್ಳೋ ಸಮಯ ಸುಮಾರು 30 ಮಿಲಿಸೆಕೆಂಡ್. ನಾವು ಕಣ್ಣು ಮಿಟುಕಿಸೋದು ಅದಕ್ಕಿಂತ ನಿಧಾನ. ಒಳಗಿರೋ ಸ್ಫೋಟಕಕ್ಕೆ ಕಿಡಿ ತಗುಲಿ ಗ್ಯಾಸ್ ನುಗ್ಗುತ್ತೆ. ಅಪಘಾತದಲ್ಲಿ ಜೀವ ಉಳಿಸೋ ಅದೇ ಶಕ್ತಿ, ಮುಖ ಹತ್ತಿರ ಇಟ್ಕೊಂಡು ತಂತಿ ಎಳೆಯೋವಾಗ ಸಿಡಿದರೆ ಜೀವ ತೆಗೆಯಬಹುದು. ಅದಕ್ಕೇ ಗೊತ್ತಿರೋರು ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ಉಳಿದ ಕರೆಂಟ್ ಇಳಿಯೋಕೆ ಕಂಪನಿ ಹೇಳಿದಷ್ಟು ಹೊತ್ತು ಕಾಯ್ತಾರೆ. ಬಿಚ್ಚಿದ ಏರ್‌ಬ್ಯಾಗನ್ನ ಮುಚ್ಚಳ ಮೇಲೆ ಮಾಡಿ ಇಡ್ತಾರೆ. ಶಾಫ್ಟಿನ ಮೇಲೂ ಸ್ಟೀರಿಂಗ್ ಮೇಲೂ ಗುರುತು ಹಾಕ್ತಾರೆ. ಕ್ಲಾಕ್ ಸ್ಪ್ರಿಂಗ್ ತಿರುಗದ ಹಾಗೆ ಟೇಪ್ ಹಾಕ್ತಾರೆ, ಯಾಕಂದ್ರೆ ಅದರ ನಡುಮಧ್ಯ ತಪ್ಪಿದ್ರೆ ಮುಂದೊಂದು ತಿರುವಲ್ಲಿ ಪಟ್ಟಿ ಹರಿಯುತ್ತೆ. ಕೊನೆಗೆ ನಟ್ಟನ್ನ ಕೈ ಅಂದಾಜಿನಲ್ಲಿ ಅಲ್ಲ, ಟಾರ್ಕ್ ರೆಂಚ್‌ನಲ್ಲಿ ಬಿಗೀತಾರೆ. ನಿಮ್ಮ ಮೆಕ್ಯಾನಿಕ್ ಇಷ್ಟು ಮಾಡ್ತಿದ್ದಾರಾ ಅಂತ ಪಕ್ಕದಲ್ಲಿ ನಿಂತು ನೋಡಿ. ನೀವೇ ಮಾಡೋಕೆ ಹೋಗಬೇಡಿ.

ಸೆಕೆಂಡ್‌ಹ್ಯಾಂಡ್ ಏರ್‌ಬ್ಯಾಗ್ ಯಾಕೆ ಬೇಡ?

ಈಗ ಆ 'ಕಡಿಮೆಗೆ ಕೊಡ್ತೀನಿ' ಅನ್ನೋ ಮಾತಿಗೆ ಬರೋಣ. ಗುಜರಿಯಿಂದ ಬಂದ ಸ್ಟೀರಿಂಗ್ ಯಾವ ಗಾಡಿಯದ್ದು? ಆ ಗಾಡಿ ಎಲ್ಲಿ ಗುದ್ದಿತ್ತು? ನೀರಲ್ಲಿ ಮುಳುಗಿತ್ತಾ? ಏರ್‌ಬ್ಯಾಗ್ ಒಮ್ಮೆ ಉಬ್ಬಿದ್ರೆ ಅದರ ಕಥೆ ಮುಗೀತು, ಮತ್ತೆ ಮಡಚಿ ಇಟ್ರೆ ಕೆಲಸ ಮಾಡಲ್ಲ. ಮುಚ್ಚಳ ಹೊಸದಾಗಿ ಕಂಡರೂ ಹಿಂದೆ ಖಾಲಿ ಇರಬಹುದು. ಹೊರಗಿಂದ ನೋಡಿ ಹೇಳೋಕಾಗಲ್ಲ.

ಹಳೆಯ ಏರ್‌ಬ್ಯಾಗ್ ಎಷ್ಟು ಅಪಾಯ ಅನ್ನೋದನ್ನ ಜಗತ್ತು ದೊಡ್ಡ ಬೆಲೆ ಕೊಟ್ಟು ಕಲೀತು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್, ವರ್ಷಗಟ್ಟಲೆ ಶಾಖ ಮತ್ತು ತೇವಕ್ಕೆ ಸಿಕ್ಕಿ ಕೆಟ್ಟಿತ್ತು. ಅಪಘಾತವಾದಾಗ ಡಬ್ಬಿಯೇ ಒಡೆದು ಲೋಹದ ಚೂರುಗಳು ಓಡಿಸೋರ ಮೇಲೆ ಹಾರಿದ್ವು, ಜನ ಸತ್ತರು. ಕೋಟಿಗಟ್ಟಲೆ ಕಾರುಗಳನ್ನ ವಾಪಸ್ ಕರೆಸಬೇಕಾಯ್ತು, ಭಾರತದಲ್ಲೂ ಕರೆಸಿದ್ರು. 2017ರಲ್ಲಿ ಕಂಪನಿ ದಿವಾಳಿ ಘೋಷಿಸಿತು. ಹೀಗಿರುವಾಗ ಹುಟ್ಟಿದ ವರ್ಷ, ಬೆಳೆದ ಜಾಗ ಗೊತ್ತಿಲ್ಲದ ಏರ್‌ಬ್ಯಾಗನ್ನ ಎದೆಯ ಮುಂದೆ ಇಟ್ಕೊಂಡು ಓಡಾಡೋದು ಉಳಿತಾಯ ಅಲ್ಲ.

ಸ್ಟೀರಿಂಗ್ ಬದಲಿಸಲೇಬೇಕು ಅಂತಾದ್ರೆ ನಿಮ್ಮ ಮಾಡೆಲ್‌ಗೆ, ನಿಮ್ಮ ವರ್ಷಕ್ಕೆ ಹೊಂದೋ ಬಳೆಯನ್ನ ತನ್ನಿ. ನಿಮ್ಮ ಗಾಡಿಯ ಏರ್‌ಬ್ಯಾಗ್ ಸರಿ ಇದ್ರೆ ಅದನ್ನೇ ಮತ್ತೆ ಕೂರಿಸಬಹುದು. ಏರ್‌ಬ್ಯಾಗೇ ಬೇಕಾದ್ರೆ ಹೊಸದು, ಬಿಲ್ ಸಮೇತ, ಕಂಪನಿಯದ್ದು. ಇನ್ನು ಸ್ಟೈಲ್‌ಗೆ ಅಂತ ಏರ್‌ಬ್ಯಾಗ್ ತೆಗೆದು ರೇಸಿಂಗ್ ಸ್ಟೀರಿಂಗ್ ಹಾಕಿಸೋ ಹುಡುಗರಿಗೆ ಒಂದು ಮಾತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅದನ್ನ ಕಿತ್ತು ಹಾಕಿದ್ರೆ ಕಾನೂನಿಗಿಂತ ಮೊದಲು ಕಷ್ಟಕ್ಕೆ ಸಿಗೋದು ನಿಮ್ಮ ಎದೆ ಮತ್ತು ಮುಖ.

ಸ್ಟೀರಿಂಗ್‌ಗೆ ಸಿಕ್ಕಿಸೋ ಗುಂಡಿ, ಮುಚ್ಚಳದ ಮೇಲೆ ಅಂಟಿಸೋ ಲೋಹದ ಲಾಂಛನ, ದೇವರ ಪಟ, ಇವೂ ಅಲ್ಲಿ ಬೇಡ. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಅದರ ಮೇಲಿರೋದೆಲ್ಲ ನಿಮ್ಮ ಕಡೆಗೇ ಹಾರುತ್ತೆ. ದೇವರಿಗೆ ಬೇರೆ ಜಾಗ ಕೊಡೋಣ. ಎದೆಗೂ ಮುಚ್ಚಳಕ್ಕೂ ಮಧ್ಯೆ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ, ಸೀಟ್ ಬೆಲ್ಟ್ ಹಾಕಿರಿ.

ಹಳೇ ಗಾಡಿ ಇದ್ದೋರಿಗೆ

ಅಂಬಾಸಿಡರ್, ಮಾರುತಿ 800, ಹಳೇ ಜೀಪು ಇಟ್ಕೊಂಡಿರೋರಿಗೆ ಏರ್‌ಬ್ಯಾಗ್ ಚಿಂತೆ ಇಲ್ಲ. ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ ನಿಂತಿದ್ದು 2014ರಲ್ಲಿ. ಆ ಕಾಲದ ಗಟ್ಟಿ ಪ್ಲಾಸ್ಟಿಕ್ ಸ್ಟೀರಿಂಗ್ ಬಿರುಕು ಬಿಟ್ರೆ, ಬಿರುಕನ್ನ ಸ್ವಲ್ಪ ಅಗಲ ಮಾಡಿ, ಜಿಡ್ಡು ತೆಗೆದು, ಎಪಾಕ್ಸಿ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಬಣ್ಣ ಹೊಡೀಬಹುದು. ಒಳಗಿನ ಲೋಹ ಬಾಗಿದ್ರೆ ಮಾತ್ರ ಪುಟ್ಟಿ ಕೆಲಸಕ್ಕೆ ಬರಲ್ಲ, ಬೇರೆ ಸ್ಟೀರಿಂಗೇ ಗತಿ.

ಕೊನೆಗೆ, ಇವತ್ತೇ ಮಾಡಬಹುದಾದ ಕೆಲಸ

ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ರೆ, ಕೀ ಆನ್ ಮಾಡಿ ಮೀಟರ್ ಕಡೆ ನೋಡಿ. ಬೆಲ್ಟ್ ಹಾಕಿ ಕೂತ ಮನುಷ್ಯ, ಮುಂದೆ ಒಂದು ದುಂಡನೆ ಚೆಂಡು, ಆ ಚಿತ್ರದ ದೀಪ ಹತ್ತಬೇಕು, ಕೆಲವು ಸೆಕೆಂಡಿಗೆ ಆರಬೇಕು. ಆರದೇ ಉಳಿದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ತೊಂದರೆ ಇದೆ. ಹತ್ತಲೇ ಇಲ್ಲ ಅಂದ್ರೂ ತೊಂದರೆಯೇ, ಯಾರೋ ದೀಪವನ್ನೇ ಕಿತ್ತಿರಬಹುದು. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳೋಕೆ ಹೋದಾಗ, ಸ್ಟೀರಿಂಗ್ ಬಿಚ್ಚಿ ಹಾಕಿಸಿಕೊಂಡು ಬಂದಾಗ, ಮೊದಲು ನೋಡಬೇಕಾದ್ದು ಇದೇ ದೀಪ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಸ್ಟೀರಿಂಗ್ ಬಿಸಿಲಿಗೆ ಒಡೆಯದ ಹಾಗೆ ಗಾಜಿಗೆ ಒಂದು ಸನ್‌ಶೇಡ್ ಹಾಕಿ, ಇಲ್ಲಾ ಒಂದು ಬಿಳಿ ಟವೆಲ್ ಹೊದಿಸಿ. ಸ್ಯಾನಿಟೈಸರ್ ಒಣಗಿದ ಮೇಲೆ ಗಾಡಿ ಮುಟ್ಟಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಷ್ಟು ಮಾಡಿದ್ರೆ ಹೊಲಿಸಿದ ಚರ್ಮ ವರ್ಷಗಟ್ಟಲೆ ಬರುತ್ತೆ.

ನಿಮ್ಮ ಗಾಡಿಯ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಮಾಡೆಲ್ಲೂ ವರ್ಷವೂ ಹೇಳೋದು ಮರೀಬೇಡಿ. ಟ್ಯಾಕ್ಸಿ ಓಡಿಸೋ ಸ್ನೇಹಿತರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ, ಹುಷಾರಾಗಿ ಓಡಿಸಿ.